ಟೀಚರ್ ನೀರು ಕುಡಿಯದ ಭಾನುವಾರ

ಚಾರಣಕ್ಕೆ ಹೆಸರು ಕೊಡುವವರು ತುಂಬಬೇಕಾದ ಅರ್ಜಿಯಲ್ಲಿ ‘ನಿಮ್ಮ ದೇಹಸ್ಥಿತಿ’ ಎಂಬ ಒಂದು ಸಾಲು ಇತ್ತು. ಅದರ ಮುಂದೆ ಮೂರು ಚೌಕ: ಸಾಧಾರಣ, ಚೆನ್ನಾಗಿದೆ, ತುಂಬಾ ಚೆನ್ನಾಗಿದೆ. ನನ್ನ ಕೈಯಿಂದ ಹಾದುಹೋದ ಅಷ್ಟು ಅರ್ಜಿಗಳಲ್ಲಿ ‘ಸಾಧಾರಣ’ಕ್ಕೆ ಗುರುತು ಹಾಕಿದವರು ಇಬ್ಬರೋ ಮೂವರೋ. ಅವರಲ್ಲಿ ಒಬ್ಬ ದಿನವೂ ಹತ್ತು ಕಿಲೋಮೀಟರ್ ಓಡುವವನು. ಉಳಿದವರೆಲ್ಲ ತುಂಬಾ ಚೆನ್ನಾಗಿದ್ದವರೇ. ಬೆಟ್ಟದ ಮೊದಲ ಏರಿಗೆ ಬಂದಾಗ ಮಾತ್ರ ಒಬ್ಬರ ಮೊಣಕಾಲು, ಇನ್ನೊಬ್ಬರ ಬಿಪಿ, ಮತ್ತೊಬ್ಬರ ಹಳೆಯ ಆಪರೇಷನ್ನು ಒಂದೊಂದಾಗಿ ಹೊರಗೆ ಬರುತ್ತಿದ್ದವು.

ಆ ಅರ್ಜಿಗಳನ್ನು ಓದಿ, ಯಾರು ಸುಲಭದ ಹಾದಿಗೆ, ಯಾರು ಮಧ್ಯಮಕ್ಕೆ, ಯಾರು ಕಠಿಣಕ್ಕೆ ಎಂದು ವಿಂಗಡಿಸುವುದು ನನ್ನ ಕೆಲಸ. ವಾರದ ಐದು ದಿನ ಮುಂಬಯಿ ಪಕ್ಕದ ಐರೋಲಿಯ ಒಂದು ಕಚೇರಿಯಲ್ಲಿ ವಿಮೆಯ ಕಾಗದ ನೋಡುತ್ತಿದ್ದೆ. ಉಳಿದೆರಡು ದಿನ ಠಾಣೆಯ ಒಂದು ಚಾರಣ ಸಂಸ್ಥೆಗೆ ದುಡಿಯುತ್ತಿದ್ದೆ. ಎರಡೂ ಕಡೆ ಕೆಲಸ ಒಂದೇ: ಜನ ಬರೆದದ್ದರ ಹಿಂದೆ ಬರೆಯದೆ ಬಿಟ್ಟದ್ದನ್ನು ಹುಡುಕುವುದು.

ಅರ್ಜಿಯನ್ನು ನಂಬದೆ ನಾನು ಫೋನು ಮಾಡುತ್ತಿದ್ದೆ. ಎಷ್ಟನೇ ಮಹಡಿ, ಲಿಫ್ಟ್ ಕೆಟ್ಟಾಗ ಏನು ಮಾಡುತ್ತೀರಿ, ಸ್ಟೇಷನ್ನಿನಲ್ಲಿ ಸೇತುವೆ ಹತ್ತುತ್ತೀರೋ ಹಳಿ ದಾಟುತ್ತೀರೋ ಎಂದು ಕೇಳುತ್ತಿದ್ದೆ. ಆಮೇಲೆ ಒಂದು ಸಂಜೆ ಬೇಲಾಪುರದ ಪಾರ್ಸಿಕ್ ಗುಡ್ಡದ ರಸ್ತೆಗೆ ಬರಹೇಳುತ್ತಿದ್ದೆ. ಏರು ಹತ್ತುತ್ತಾ ಬಿಡದೆ ಮಾತಾಡಬೇಕು. ಮಾತು ಎಲ್ಲಿ ತುಂಡಾಗುತ್ತದೋ ಅಲ್ಲಿಗೆ ಅವರ ಗತಿ ತಿಳಿಯಿತು. ಮೇಲೆ ತಲುಪಿದ ಕೂಡಲೇ ನಾಡಿ ಎಣಿಸಿ, ಮೂರು ನಿಮಿಷ ಕೂರಿಸಿ, ಮತ್ತೆ ಎಣಿಸುತ್ತಿದ್ದೆ. ನಾಡಿ ಬೇಗ ಇಳಿದರೆ ಮಧ್ಯಮ. ಇಳಿಯದಿದ್ದರೆ ಸುಲಭ. ಎಷ್ಟೇ ದೊಡ್ಡ ಮನುಷ್ಯನಾದರೂ ಅಷ್ಟೇ.

ನೆರೂಳ ಕಡೆಯ ಕನ್ನಡ ಸಂಘವೊಂದು ಮಳೆಗಾಲ ಮುಗಿದ ಮೇಲೆ ತನ್ನ ಸದಸ್ಯರನ್ನು ಚಾರಣಕ್ಕೆ ಕರೆದೊಯ್ಯಬೇಕೆಂದು ನಮ್ಮ ಸಂಸ್ಥೆಗೆ ಬಂದಾಗ, ಕನ್ನಡ ಗೊತ್ತಿದ್ದವನು ಎಂದು ಆ ಗುಂಪು ನನ್ನ ಪಾಲಿಗೆ ಬಂತು. ಸಂಘದ ಕಾರ್ಯದರ್ಶಿ ಧಾರವಾಡ ಕಡೆಯವರು.

‘ಏನ್ರೀ ಸರ, ಹೋದ ವರ್ಷ ಬ್ಯಾರೆ ಸಂಘದವರು ಕೋಟೆ ಹತ್ತಿ ಫೋಟೋ ಹಾಕ್ಯಾರ. ನಾವು ಗುಡ್ಡಕ್ಕ ಹೋಗಿ ಭೇಳ್ ತಿಂದು ಬಂದ್ರ ನಗ್ತಾರ. ಕಠಿಣದ್ದ ಕೊಡ್ರಿ.’

‘ನಿಮ್ಮಲ್ಲಿ ಐವತ್ತು ದಾಟಿದವರೇ ಹೆಚ್ಚು.’

‘ಎಲ್ಲಾರೂ ಗಟ್ಟಿ ಅದಾರ್ರೀ. ಫಾರ್ಮ್ ನೋಡ್ರಿ ಬೇಕಾದ್ರ.’

ಫಾರ್ಮ್ ನೋಡಿದೆ. ಎಲ್ಲರೂ ತುಂಬಾ ಚೆನ್ನಾಗಿದ್ದರು. ಮೂರು ಶನಿವಾರ ಪಾರ್ಸಿಕ್ ಗುಡ್ಡದಲ್ಲಿ ಪರೀಕ್ಷೆ ಮಾಡಿ, ಕಠಿಣ ಯಾರಿಗೂ ಇಲ್ಲ ಎಂದು ತೀರ್ಮಾನಿಸಿದೆ. ಒಂಬತ್ತು ಜನರನ್ನು ಕರ್ಜತ್ ಆಚೆಯ ಪೇಠ್ ಕೋಟೆಗೆ ಆರಿಸಿದೆ. ಉಳಿದವರಿಗೆ ಬೇರೊಂದು ದಿನ ಬೇಲಾಪುರದ ಹಿಂದಿನ ಗುಡ್ಡ.

ಉಳಿದವರಲ್ಲಿ ಒಬ್ಬರು ಡೊಂಬಿವಲಿಯಲ್ಲಿ ಹೋಟೆಲಿದ್ದ ಉಡುಪಿಯ ಧಣಿ. ನನ್ನ ಅಪ್ಪ ಅವರ ಹೋಟೆಲಿನಲ್ಲೇ ಮೂವತ್ತು ವರ್ಷ ಹಿಟ್ಟು ರುಬ್ಬಿದವರು.

‘ಎಂತ ಮಾರಾಯ, ದಿನಕ್ಕೆ ಹದಿನಾಲ್ಕು ಗಂಟೆ ಗಲ್ಲಾಪೆಟ್ಟಿಗೆ ಎದುರು ಇರುವವ ನಾನು. ನನಗೆ ಆಗುವುದಿಲ್ಲವಾ?’ ಎಂದರು ಧಣಿ.

‘ಗಲ್ಲಾಪೆಟ್ಟಿಗೆ ಎದುರು ಕೂತುಕೊಳ್ಳುವುದಲ್ಲವಾ ಧಣಿ. ಇದು ಹತ್ತುವುದು.’

‘ನಿನ್ನ ಅಪ್ಪ ನನ್ನ ಹತ್ತಿರ ಹೀಗೆ ಮಾತಾಡಿದವನಲ್ಲ.’

‘ಅದಕ್ಕೇ ಅವರ ಸೊಂಟ ಹೋಯಿತು.’

ಧಣಿ ನಕ್ಕುಬಿಟ್ಟರು. ಬೆಳಗಿನ ತಿಂಡಿಯ ಪೊಟ್ಟಣಗಳನ್ನು ಮಾತ್ರ ತಮ್ಮ ಹೋಟೆಲಿನಿಂದಲೇ ಕಳಿಸುತ್ತೇನೆಂದರು. ನಾಡಿಯ ಲೆಕ್ಕದಲ್ಲಿ ನನ್ನ ತೀರ್ಮಾನ ಸರಿಯೇ ಇತ್ತು. ಆದರೆ ಅವರಿಗೆ ‘ಇಲ್ಲ’ ಎನ್ನುವಾಗ ನನಗೆ ಬೇಡದಷ್ಟು ಖುಷಿಯಾಗಿತ್ತು ಎಂಬುದನ್ನೂ ಹೇಳಿಬಿಡಬೇಕು.

ಒಂಬತ್ತು ಜನರಲ್ಲಿ ಎಲ್ಲರಿಗಿಂತ ಚೆನ್ನಾಗಿ ಹತ್ತಿದವರು ನೆರೂಳಿನ ಒಬ್ಬ ನಿವೃತ್ತ ಶಾಲಾ ಶಿಕ್ಷಕಿ. ವಯಸ್ಸು ಐವತ್ತೆಂಟು. ಎಲ್ಲರೂ ಟೀಚರ್ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮಾತಾಡುತ್ತಾ ಹತ್ತಿ ಎಂದರೆ ಉಳಿದವರು ರಾಜಕೀಯ ಮಾತಾಡಿ ದಾರಿಯ ಮಧ್ಯೆ ಉಸಿರು ಕಟ್ಟಿ ನಿಂತರು. ಟೀಚರ್ ಹನ್ನೆರಡರಿಂದ ಶುರುಮಾಡಿ ಹತ್ತೊಂಬತ್ತರ ತನಕ ಮಗ್ಗಿ ಹೇಳಿದರು. ಒಂದು ಕಡೆಯೂ ತಪ್ಪಲಿಲ್ಲ. ಆ ಒಂಬತ್ತರಲ್ಲೇ ಒಬ್ಬಳಾದ ಅವರ ಸೊಸೆ, ಇಲ್ಲೇ ಹುಟ್ಟಿ ಬೆಳೆದವಳು, ತಲೆ ತಗ್ಗಿಸಿ ನಡೆಯುತ್ತಿದ್ದಳು.

‘ಮಮ್ಮೀ, ಬಸ್ ಕರೋ ನಾ. ಲೋಗ್ ದೇಖ್ ರಹೇ ಹೈ.’

‘ನೋಡಲಿ. ಮಗ್ಗಿ ಬಾರದವರು ಕಲೀಲಿ.’

ಮೂರು ನಿಮಿಷದಲ್ಲಿ ಅವರ ನಾಡಿ ಎಪ್ಪತ್ತೆಂಟಕ್ಕೆ ಇಳಿದಿತ್ತು. ನನ್ನದೇ ಅಷ್ಟು ಇಳಿಯುತ್ತಿರಲಿಲ್ಲ. ‘ಈ ವಯಸ್ಸಿನಲ್ಲಿ ಎಂತಕ್ಕೆ ಅಂತ ಮಗ ಕೇಳ್ತಾನೆ. ಒಮ್ಮೆ ಹತ್ತಿ ತೋರಿಸ್ಬೇಕು ಮಾರಾಯ್ರೆ,’ ಎಂದರು ಟೀಚರ್. ಅದಾದ ಮೇಲೂ ಅವರು ದಿನಾ ಬೆಳಿಗ್ಗೆ ಆರು ಮಹಡಿ ಎರಡು ಸಲ ಹತ್ತಿಳಿಯುತ್ತಿದ್ದರು ಎಂದು ಸೊಸೆ ಹೇಳಿದ್ದಳು.

ದಿನ ಗೊತ್ತಾಯಿತು. ಅಷ್ಟರಲ್ಲಿ ಆ ಭಾನುವಾರ ಠಾಣೆ–ಕಲ್ಯಾಣ ನಡುವೆ ಮೆಗಾಬ್ಲಾಕ್ ಎಂದು ರೈಲ್ವೆಯವರು ಸಾರಿದರು. ಹಳಿ ರಿಪೇರಿಗೆಂದು ಗಾಡಿ ನಿಲ್ಲಿಸಿದರೆ ಸಂಜೆ ಒಂಬತ್ತು ಜನರನ್ನು ವಾಪಸು ತರುವುದು ಹೇಗೆ? ಒಂದು ವಾರ ಮುಂದೆ ಹಾಕಿ ಎಲ್ಲರಿಗೂ ಎಸ್ಸೆಮ್ಮೆಸ್ ಕಳಿಸಿದೆ. ಯಾರೂ ಬೇಡ ಎನ್ನಲಿಲ್ಲ.

ಶುಕ್ರವಾರ ತಿಂಡಿಯ ಲೆಕ್ಕ ಹೇಳಲು ಫೋನು ಮಾಡಿದಾಗ ಧಣಿ ಕೇಳಿದರು: ‘ಭಾನುವಾರ ಏಕಾದಶಿ ಅಲ್ಲವಾ? ಸಾಬುದಾಣಿ ಖಿಚಡಿ ಎಷ್ಟು ಕಟ್ಟಿಸ್ಬೇಕು?’

‘ಎಲ್ಲ ಇಡ್ಲಿಯೇ ಇರಲಿ. ಬೆಟ್ಟ ಹತ್ತುವವರಿಗೆ ಎಂತ ಏಕಾದಶಿ?’

‘ಕೇಳಿ ನೋಡು ಒಮ್ಮೆ.’

ನಾನು ಕೇಳಲಿಲ್ಲ. ನಮ್ಮ ಮನೆಯಲ್ಲಿ ಏಕಾದಶಿ ಇರಲಿಲ್ಲ. ಮುಂಬಯಿಯ ಏಕಾದಶಿ ಎಂದರೆ ನನಗೆ ಗೊತ್ತಿದ್ದದ್ದು ಕಚೇರಿಯ ಕ್ಯಾಂಟೀನಿನ ಖಿಚಡಿ, ಬಾಳೆಹಣ್ಣು, ಎರಡು ಸಲ ಹೆಚ್ಚು ಚಹಾ. ಧಣಿ ಹೇಳಿದ್ದನ್ನು ಕೇಳಿ ಒಂಬತ್ತು ಫೋನು ಮಾಡುವುದು ನನಗೆ ಸಣ್ಣತನವಾಗಿ ಕಂಡಿತು.

ಭಾನುವಾರ ಬೆಳಿಗ್ಗೆ ನೆರೂಳಿನವರು ಠಾಣೆಗೆ ಬಂದು ಕರ್ಜತ್ ಗಾಡಿ ಹಿಡಿದರು. ನಾನು ಪೊಟ್ಟಣಗಳೊಂದಿಗೆ ಡೊಂಬಿವಲಿಯಲ್ಲಿ ಹತ್ತಿದೆ. ಕಲ್ಯಾಣದಲ್ಲಿ ನನ್ನ ಜೊತೆಯ ಮುಂದಾಳು ಹತ್ತಿದ. ನನಗಿಂತ ಹತ್ತು ವರ್ಷ ದೊಡ್ಡವನು, ಮರಾಠಿ ಮನುಷ್ಯ, ನಾವೆಲ್ಲ ದಾದಾ ಎನ್ನುತ್ತಿದ್ದೆವು. ನಾನು ಮುಂದೆ, ಅವನು ಎಲ್ಲರ ಹಿಂದೆ. ಅದು ನಮ್ಮ ಕ್ರಮ.

ಇನ್ನೊಂದು ಕ್ರಮವೂ ಇತ್ತು. ಅದನ್ನು ಸಂಸ್ಥೆಗೆ ಬರೆದುಕೊಟ್ಟವನು ನಾನೇ. ಪ್ರತಿ ಅರ್ಧ ಗಂಟೆಗೊಂದು ನಿಲುಗಡೆ. ನಿಲುಗಡೆಯಲ್ಲಿ ಪ್ರತಿಯೊಬ್ಬರೂ ನೀರು ಕುಡಿಯುವುದನ್ನು ಮುಂದಾಳು ಕಣ್ಣಾರೆ ನೋಡಬೇಕು. ‘ಕುಡಿದೆ’ ಎಂಬ ಮಾತನ್ನು ನಂಬಬಾರದು. ಒಬ್ಬರು ಕುಡಿಯದಿದ್ದರೂ ಗುಂಪು ಹೆಜ್ಜೆ ಎತ್ತಬಾರದು. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲನೆಯವನು ನಾನು. ಹಗಲು ದುಡಿದು ಸಂಜೆ ಕಾಲೇಜಿಗೆ ಹೋಗಿ ಬಿ.ಕಾಂ. ಮುಗಿಸಿದವನು. ಹೀಗೆ ನಿಯಮ ಬರೆಯುವುದು, ಬರೆದದ್ದಕ್ಕೆ ಸಹಿ ಹಾಕುವುದು ನನಗೆ ದೊಡ್ಡ ಹೆಮ್ಮೆ. ಆ ಹಾಳೆಯ ಕೆಳಗೆ ನನ್ನ ಹೆಸರಿನ ಮುಂದೆ ಬಿ.ಕಾಂ. ಎಂದೂ ಬರೆದಿದ್ದೆ.

ಗಾಡಿಯಲ್ಲಿ ಇಡ್ಲಿ ಹಂಚಿದಾಗ ಟೀಚರ್ ತಮ್ಮ ಪೊಟ್ಟಣವನ್ನು ಸೊಸೆಯ ಚೀಲಕ್ಕೆ ಹಾಕಿದರು. ‘ಆಮೇಲೆ ತಿನ್ನುವ’ ಎಂದರು. ಕರ್ಜತ್‌ನಿಂದ ಟಮ್‌ಟಮ್ ರಿಕ್ಷಾ ಹಿಡಿದು ಬೆಟ್ಟದ ಬುಡದ ಊರು ತಲುಪಿದಾಗ ಎಂಟೂವರೆ. ಅಕ್ಟೋಬರಿನ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಮಳೆ ನಿಂತು ಹದಿನೈದು ದಿನವಾಗಿತ್ತು. ಹುಲ್ಲು ಎದೆಯೆತ್ತರ, ನೆಲದಿಂದ ಹಬೆ, ಗಾಳಿಯ ಸುಳಿವಿಲ್ಲ. ಪೇಠ್ ಎಂಬ ಹಳ್ಳಿಯವರೆಗೆ ಅಗಲವಾದ ಅಂಕುಡೊಂಕು ಹಾದಿ, ಹೆಚ್ಚು ಪಾಲು ನೆರಳಿಲ್ಲ. ಹಳ್ಳಿಯಿಂದ ಮುಂದೆ ಮುಕ್ಕಾಲು ಗಂಟೆಯ ಕಡಿದು ಏರು, ಕೊನೆಗೆ ಕಲ್ಲಿನಲ್ಲೇ ಕೊರೆದ ಮೆಟ್ಟಿಲು.

ಮೊದಲನೆಯ ನಿಲುಗಡೆ. ಒಬ್ಬೊಬ್ಬರನ್ನೇ ನೋಡುತ್ತಾ ಟೀಚರ್ ಹತ್ತಿರ ಬಂದೆ.

‘ನೀರು, ಟೀಚರ್?’

‘ನನಗೆ ಬೇಡ.’

‘ಬೇಡ ಅಂದ್ರೆ ಆಗುವುದಿಲ್ಲ. ನಿಯಮ.’ ಉಪ್ಪು–ಸಕ್ಕರೆಯ ಪುಡಿ ಕಲಸಿದ ನನ್ನ ಬಾಟಲಿಯನ್ನು ಮುಚ್ಚಳ ತೆಗೆದು ಚಾಚಿದೆ.

ಅವರು ಕೈಯನ್ನು ಹಿಂದಕ್ಕೆ ಎಳೆದುಕೊಂಡರು. ಮೈಯೂ ಸ್ವಲ್ಪ ಹಿಂದೆ ಸರಿಯಿತು. ‘ಬೇಡ ಮಾರಾಯ್ರೆ, ನೀವು ಕುಡೀರಿ,’ ಎಂದು ನಕ್ಕರು.

ಅಷ್ಟೇ ನಡೆದದ್ದು. ಉಳಿದದ್ದೆಲ್ಲ ನನ್ನ ತಲೆಯೊಳಗೆ.

ಬಿ.ಕಾಂ. ಫಲಿತಾಂಶ ಬಂದ ದಿನ ಅಪ್ಪ ನನ್ನನ್ನು ಧಣಿಯ ಮನೆಗೆ ಕಳಿಸಿದ್ದರು, ಪೇಡೆ ಕೊಟ್ಟು ಬಾ ಎಂದು. ಧಣಿಯ ತಾಯಿ ಪೇಡೆಯ ಪೆಟ್ಟಿಗೆ ತೆಗೆದುಕೊಂಡರು, ಸಂತೋಷಪಟ್ಟರು, ಒಳ್ಳೆಯ ಮಾತಾಡಿದರು. ಬಾಯಾರಿಕೆ ಎಂದಾಗ ವರಾಂಡದ ಕಿಟಕಿಯ ಕಟ್ಟೆ ತೋರಿಸಿದರು. ಅಲ್ಲಿ ಹೋಟೆಲಿನ ಕೆಲಸದವರಿಗೆಂದು ಇಟ್ಟ ಲೋಟ ಇತ್ತು. ಕುಡಿದು, ತೊಳೆದು, ಕವುಚಿ ಹಾಕಿ ಬಂದೆ. ಅಪ್ಪನಿಗೆ ಅದನ್ನು ಹೇಳಲಿಲ್ಲ.

ಟೀಚರ್ ಕೈ ಹಿಂದೆಗೆದ ಆ ಗಳಿಗೆಯಲ್ಲಿ ನನಗೆ ಕಂಡದ್ದು ಅವರ ಕೈಯಲ್ಲ, ಆ ಕಿಟಕಿಯ ಕಟ್ಟೆ. ಅವರೂ ಉಡುಪಿ ಕಡೆಯ ಮಡಿಯ ಮನೆಯವರು. ನಾನು ಯಾರ ಮಗ ಎಂದು ಅವರಿಗೆ ಗೊತ್ತಿತ್ತು. ಹೀಗೋ ವಿಷಯ ಎಂದುಕೊಂಡೆ. ಮುಚ್ಚಳ ತಿರುಗಿಸಿ ಬಾಟಲಿಯನ್ನು ಚೀಲಕ್ಕೆ ಹಾಕಿ, ‘ನಡೀರಿ’ ಎಂದೆ.

ಧಣಿ ಏಕಾದಶಿ ಎಂದದ್ದು ಮರೆತುಹೋಗಿತ್ತೇ? ಈ ಪ್ರಶ್ನೆಯನ್ನು ನಾನು ಬಹಳ ಸಲ ಕೇಳಿಕೊಂಡಿದ್ದೇನೆ. ಇಡ್ಲಿ ಸೊಸೆಯ ಚೀಲಕ್ಕೆ ಹೋದಾಗಲೇ ಅದು ನೆನಪಾಗಿತ್ತು. ಉಪವಾಸ ಇರಬಹುದು ಅಂದುಕೊಂಡಿದ್ದೆ. ಆದರೆ ಉಪವಾಸಕ್ಕೂ ನೀರಿಗೂ ಏನು ಸಂಬಂಧ, ನೀರು ಬೇಡವೆಂದರೆ ಅದು ನನ್ನ ಕೈಯ ನೀರಿಗೇ ಎಂದು ಮನಸ್ಸು ವಾದ ಹೂಡಿತು. ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಿದರೆ ನನ್ನ ಸಿಟ್ಟಿಗೆ ಕಾರಣ ಉಳಿಯುವುದಿಲ್ಲವೇನೋ ಎಂಬ ಅನುಮಾನ ಆಗಲೇ ಇತ್ತು. ಅದಕ್ಕೇ ಕೇಳಲಿಲ್ಲ.

ಎರಡನೆಯ ನಿಲುಗಡೆಯಲ್ಲಿ ಎಂಟು ಜನ ಕುಡಿಯುವುದನ್ನು ನೋಡಿದೆ. ಟೀಚರ್ ಒಂದು ಬಂಡೆಯ ಮೇಲೆ ಕೂತಿದ್ದರು. ಆ ಕಡೆ ತಿರುಗಲಿಲ್ಲ.

ಹಿಂದಿನಿಂದ ದಾದಾ ಬಂದ. ಮೆಲ್ಲಗೆ ಕೇಳಿದ: ‘ಟೀಚರ್ ಕಾ ಪಾನೀ ದೇಖಾ ಕ್ಯಾ?’

‘ಅವರು ನಮ್ಮ ಕೈಯದು ಕುಡಿಯುವುದಿಲ್ಲ,’ ಎಂದೆ ನಾನು, ಅವನಿಗೆ ತಿಳಿಯುವ ಹಿಂದಿಯಲ್ಲಿ.

‘ಉನ್ಹೋನೇ ಬೋಲಾ?’ ಅವರೇ ಹಾಗೆಂದರೇ, ಎಂದ.

‘ಬೋಲ್ನಾ ಕ್ಯಾ ಹೈ. ಪತಾ ಚಲ್ತಾ ಹೈ.’ ಹೇಳುವುದೇನು, ಗೊತ್ತಾಗುತ್ತದೆ, ಎಂದೆ.

ದಾದಾ ನನ್ನ ಮುಖವನ್ನೇ ನೋಡಿದ. ಮುಂದಾಳು ನಾನು. ಅವನು ಮತ್ತೆ ಹಿಂದಕ್ಕೆ ಹೋಗಿ ನಿಂತ.

ಪೇಠ್ ಹಳ್ಳಿಯಲ್ಲಿ ಮೂರನೆಯ ನಿಲುಗಡೆ. ಒಂದು ಮನೆಯ ಅಂಗಳದಲ್ಲಿ ಎಲ್ಲರೂ ಲಿಂಬೆ ಶರಬತ್ತು ಕುಡಿದರು. ಟೀಚರ್ ಕಂಬಕ್ಕೆ ಒರಗಿ ಕೂತಿದ್ದರು. ಕಾರ್ಯದರ್ಶಿ ತಮಾಷೆ ಮಾಡಿದರು: ‘ಟೀಚರ್, ಮಗ್ಗಿ ಎಲ್ಲಿಗೆ ಬಂತ್ರೀ?’ ಟೀಚರ್ ನಗಲಿಲ್ಲ. ಉತ್ತರವನ್ನೂ ಕೊಡಲಿಲ್ಲ. ಅದು ನನ್ನ ಕಿವಿಗೆ ಬಿತ್ತು. ಮಾತು ತುಂಡಾದರೆ ನಿಲ್ಲಿಸಬೇಕು ಎಂದು ಊರಿಗೆಲ್ಲ ಪಾಠ ಹೇಳುತ್ತಿದ್ದವನು ನಾನು. ಶರಬತ್ತಿನ ಲೋಟ ಕೆಳಗಿಟ್ಟು ‘ಚಲೋ’ ಎಂದೆ.

ಹಳ್ಳಿ ಬಿಟ್ಟು ಇಪ್ಪತ್ತು ನಿಮಿಷಕ್ಕೆ, ಕುರುಚಲು ಗಿಡಗಳ ನಡುವಿನ ಕಡಿದು ಏರಿನಲ್ಲಿ, ಹಿಂದಿನಿಂದ ದಾದಾನ ಸೀಟಿ ಕೇಳಿತು. ಮೂರು ಸಲ. ಮೂರು ಸಲ ಎಂದರೆ ಯಾರೋ ಬಿದ್ದಿದ್ದಾರೆ.

ಟೀಚರ್ ಹಾದಿಯ ಮೇಲೆ ಅಡ್ಡವಾಗಿ ಕೂತು, ಹಾಗೇ ಪಕ್ಕಕ್ಕೆ ವಾಲಿದ್ದರು. ಕೈ ಮುಟ್ಟಿ ನೋಡಿದೆ. ಸುಡುತ್ತಿತ್ತು, ಬೆವರೇ ಇರಲಿಲ್ಲ. ನಾವೆಲ್ಲ ನೆನೆದು ತೊಪ್ಪೆಯಾಗಿದ್ದ ಬಿಸಿಲಲ್ಲಿ ಅವರ ರವಿಕೆಯ ಬೆನ್ನು ಒಣಗಿತ್ತು. ತುಟಿ ಬಿರಿದಿತ್ತು. ನಾಡಿ ನೂರನಲವತ್ತರ ಮೇಲೆ, ಎಣಿಸಲು ಸಿಗುತ್ತಿರಲಿಲ್ಲ. ಹೆಸರು ಕೇಳಿದರೆ ಸೊಸೆಯ ಹೆಸರು ಹೇಳಿದರು.

‘ನೀರು ಕುಡಿಸಿ, ನೀರು,’ ಎಂದು ಯಾರೋ ಕೂಗಿದರು. ಬಾಟಲಿ ತುಟಿಗೆ ಹಿಡಿದೆ. ಟೀಚರ್ ಹಲ್ಲು ಕಚ್ಚಿ ತಲೆ ಅಲ್ಲಾಡಿಸಿದರು. ಸ್ವಾಧೀನ ತಪ್ಪಿದ ಸ್ಥಿತಿಯಲ್ಲೂ.

ಸೊಸೆ ಅಳುತ್ತಿದ್ದಳು. ‘ಇವತ್ತು ಏಕಾದಶಿ ಭಯ್ಯಾ. ಮಮ್ಮಿ ನೀರು ಭೀ ನಹೀ ಲೇತೀ. ನಿನ್ನೆ ಮಧ್ಯಾಹ್ನ ಊಟ ಮಾಡಿದ್ದು, ರಾತ್ರಿ ಭೀ ಕುಛ್ ನಹೀ. ನಾಳೆ ಬೆಳಿಗ್ಗೆ ತಕ್ ಐಸಾ ಹೀ.’

‘ಮೊದಲೇ ಯಾಕೆ ಹೇಳಲಿಲ್ಲ?’ ನನ್ನ ದನಿ ಏರಿತು.

‘ಮೈನೇ ಬೋಲಾ ಥಾ, ಹೇಳಿ ಅಂತ. ಮಮ್ಮಿ ಬೋಲೀ, ಅವನು ನಮ್ಮ ಊರಿನವನು, ಅವನಿಗೆ ಗೊತ್ತಿರ್ತದೆ. ಅದಕ್ಕೇ ಒತ್ತಾಯ ಮಾಡ್ತಾ ಇಲ್ಲ ನೋಡು, ಮರ್ಯಾದಸ್ಥ ಹುಡುಗ, ಅಂತ.’

ದಾದಾ ಅಲ್ಲೇ ನಿಂತಿದ್ದ. ಅವನಿಗೆ ಕನ್ನಡ ಅರ್ಥವಾಗುತ್ತಿರಲಿಲ್ಲ. ಆದರೂ ಅವನ ಮುಖ ನೋಡಲು ನನ್ನಿಂದ ಆಗಲಿಲ್ಲ.

ನಾಚಿಕೆಗೆ ಆಗ ಪುರುಸೊತ್ತು ಇರಲಿಲ್ಲ. ಅರೆಪ್ರಜ್ಞೆಯಲ್ಲಿ ಇರುವವರ ಬಾಯಿಗೆ ಬಲವಂತವಾಗಿ ನೀರು ಹುಯ್ದರೆ ಶ್ವಾಸನಾಳಕ್ಕೆ ಹೋಗುತ್ತದೆ. ಕೆಳಗೆ ಇಳಿಸಲು ಎರಡು ಗಂಟೆ ಬೇಕು, ಅಷ್ಟು ಹೊತ್ತು ಮೈ ಹೀಗೇ ಕಾದರೆ ಉಳಿಯುವುದಿಲ್ಲ. ಉಳಿದ ದಾರಿ ಹೊರಗಿನಿಂದ ತಣಿಸುವುದು. ಅದಕ್ಕೆ ನೀರು ಬೇಕು, ಎಲ್ಲರದ್ದೂ. ಎಲ್ಲರ ನೀರು ಚೆಲ್ಲಿದರೆ ಯಾರೂ ಮೇಲೆ ಹೋಗುವ ಹಾಗಿಲ್ಲ.

‘ಎಲ್ಲರ ಬಾಟಲಿ ಕೊಡಿ,’ ಎಂದೆ.

ಕಾರ್ಯದರ್ಶಿ ಅನುಮಾನಿಸಿದರು. ‘ಸರ, ನೀವಿಬ್ರು ಇವ್ರನ್ನ ನೋಡ್ಕೋರಿ. ಇನ್ನರ್ಧ ತಾಸು ಅಷ್ಟ ಅಲ್ಲೇನು? ನಾವು ಮುಟ್ಟಿ ಬರ್ತೇವಿ. ಬ್ಯಾನರ್ ತಂದೇವಿ.’

‘ಯಾರೂ ಹೋಗುವುದಿಲ್ಲ. ಆ ಬ್ಯಾನರೂ ಕೊಡಿ.’

ಬ್ಯಾನರನ್ನು ಎರಡು ಗಿಡಗಳ ನಡುವೆ ಕಟ್ಟಿ ನೆರಳು ಮಾಡಿದೆವು. ಸೊಸೆಯೂ ಇನ್ನೊಬ್ಬ ಹೆಂಗಸೂ ಸೆರಗು ಸಡಿಲಿಸಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಒದ್ದೆ ದುಪಟ್ಟಾ ಒತ್ತಿದರು. ಮೈಮೇಲೆ ಸ್ವಲ್ಪಸ್ವಲ್ಪವೇ ನೀರು ಹನಿಸುತ್ತಾ ಟೋಪಿಗಳಿಂದ ಗಾಳಿ ಹಾಕಿದೆವು. ಕಾಲು ಎತ್ತರಕ್ಕೆ. ಇಪ್ಪತ್ತು ನಿಮಿಷ. ಕಾರ್ಯದರ್ಶಿಯೇ ಎಲ್ಲರಿಗಿಂತ ಹೆಚ್ಚು ಬೀಸಿದರು, ತೋಳು ಸೋಲುವ ತನಕ. ದಾದಾ ಹಳ್ಳಿಗೆ ಓಡಿ ನಾಲ್ಕು ಜನ, ಒಂದು ಬಿದಿರು, ಒಂದು ಕಂಬಳಿ ತಂದ. ಅಷ್ಟು ಹೊತ್ತಿಗೆ ಟೀಚರ್ ಕಣ್ಣು ಬಿಟ್ಟು, ‘ಕೋಟೆ ಬಂತಾ?’ ಎಂದರು.

ಕಂಬಳಿಯ ಜೋಲಿಯಲ್ಲಿ ಹಳ್ಳಿಯ ತನಕ, ಅಲ್ಲಿ ಅದೃಷ್ಟಕ್ಕೆ ಸಿಕ್ಕ ಒಂದು ಜೀಪಿನಲ್ಲಿ ಕೆಳಗಿನ ಊರಿನ ಸರಕಾರಿ ದವಾಖಾನೆಗೆ. ಡಾಕ್ಟರು ಬೈದರು. ಸಲೈನ್ ಹಾಕಬೇಕು ಎಂದಾಗ ಟೀಚರ್ ಬಾಟಲಿಯನ್ನು ನೋಡಿ ಒಂದು ಕ್ಷಣ ಯೋಚಿಸಿದರು.

‘ಅದು ಬಾಯಿಗೆ ಹೋಗುವುದಿಲ್ಲವಲ್ಲ?’

‘ಇಲ್ಲ ಟೀಚರ್. ನರಕ್ಕೆ.’

‘ಹಾಗಾದ್ರೆ ಹಾಕಲಿ. ಅದು ಕುಡಿದ ಹಾಗೆ ಆಗುವುದಿಲ್ಲ.’ ಮಂಚದ ಪಕ್ಕ ನಿಂತ ನನ್ನನ್ನು ನೋಡಿ, ‘ನನ್ನಿಂದ ನಿಮಗೆಲ್ಲ ತೊಂದರೆ ಆಯ್ತು ಮಾರಾಯ್ರೆ. ಏಕಾದಶಿ ದಿನ ಮನೆಕೆಲಸ ಎಲ್ಲ ಮಾಡ್ತೇನೆ, ನಡೆಯಲಿಕ್ಕೆ ಎಂತ ಅಂತ ಅಂದುಕೊಂಡೆ,’ ಎಂದರು.

ಆಗಲೇ ಹೇಳಬಹುದಿತ್ತು. ‘ಪರವಾಗಿಲ್ಲ ಟೀಚರ್’ ಎಂದೆ. ಕ್ಷಮಿಸುವವನ ದನಿಯಲ್ಲಿ.

ಮರುದಿನ ವರದಿ ಬರೆದೆ. ‘ಸದಸ್ಯೆಯು ನಿರ್ಜಲ ಉಪವಾಸದ ವಿಷಯವನ್ನು ತಿಳಿಸಿರಲಿಲ್ಲ’ ಎಂಬುದು ಅದರ ಮುಖ್ಯ ವಾಕ್ಯ. ಒಂದು ಅಕ್ಷರವೂ ಸುಳ್ಳಲ್ಲ. ಸಂಸ್ಥೆಯ ಮುಖ್ಯಸ್ಥರು ಓದಿ, ನೀರು ಚೆಲ್ಲಿ ಗುಂಪನ್ನು ತಿರುಗಿಸಿದ ನಿರ್ಧಾರವನ್ನು ಬಹಳ ಮೆಚ್ಚಿದರು. ಅರ್ಜಿಯಲ್ಲಿ ‘ಆ ದಿನ ಉಪವಾಸವೇ? ನೀರು ಕುಡಿಯುವಿರಾ?’ ಎಂಬ ಸಾಲು ಸೇರಿಸಿದರು. ಹೊಸ ಮುಂದಾಳುಗಳಿಗೆ ಈ ಪ್ರಸಂಗವನ್ನು ಪಾಠ ಮಾಡು ಎಂದು ನನಗೇ ಹೇಳಿದರು. ಒಂದು ಶನಿವಾರ ಮಾಡಿಯೂ ಬಿಟ್ಟೆ. ಬೆವರಿಲ್ಲದ ಚರ್ಮ, ಒದ್ದೆ ಬಟ್ಟೆ, ಕಂಬಳಿಯ ಜೋಲಿ ಎಲ್ಲ ವಿವರಿಸಿದೆ. ದಾದಾ ಹಿಂದಿನ ಬೆಂಚಿನಲ್ಲಿ ಕೂತು ಕೇಳಿದ. ಮುಗಿದ ಮೇಲೆ ಬೆಂಚುಗಳನ್ನು ಗೋಡೆಗೆ ಸರಿಸಿಟ್ಟು ಹೋದ. ಎರಡನೆಯ ನಿಲುಗಡೆಯ ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ, ಹೇಳುವವನೂ ಅಲ್ಲ. ಅದು ನನಗೆ ಗೊತ್ತಿತ್ತು, ಅದನ್ನೇ ತಡೆದುಕೊಳ್ಳಲಾಗಲಿಲ್ಲ.

ಮುಂದಿನ ವಾರ ಐರೋಲಿಯಿಂದ ಮನೆಗೆ ಹೋಗುವ ಬದಲು ನೆರೂಳಿಗೆ ಹೋದೆ. ಟೀಚರ್ ಗೆಲುವಾಗಿದ್ದರು. ಸೊಸೆ ನೀರು ತಂದಳು, ಅವರೆಲ್ಲ ಕುಡಿಯುವಂಥದೇ ಸ್ಟೀಲ್ ಲೋಟದಲ್ಲಿ. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಹೇಳಿದೆ. ಬಾಟಲಿ ಚಾಚಿದ್ದು, ಅವರು ಕೈ ಎಳೆದುಕೊಂಡದ್ದು, ನಾನು ಅಂದುಕೊಂಡದ್ದು. ಎರಡನೆಯ ನಿಲುಗಡೆಯಲ್ಲಿ, ಮೂರನೆಯದರಲ್ಲಿ ಬೇಕೆಂದೇ ನೋಡದೆ ಬಿಟ್ಟದ್ದು.

‘ನೀವು ಎಷ್ಟು ಪೆದ್ದು, ನಾವು ಹಾಗೆಲ್ಲ ಮಾಡುವವರಲ್ಲ’ ಎಂದು ಟೀಚರ್ ಹೇಳುತ್ತಾರೆಂದು ಕಾದಿದ್ದೆ. ಅವರು ಹಾಗೆ ಅನ್ನಲಿಲ್ಲ.

‘ಏಕಾದಶಿ ಅಲ್ಲದಿದ್ದರೆ ನಿಮ್ಮ ಬಾಟಲಿದು ಕುಡೀತಿದ್ದೆನಾ ಅಂತ ನೀವು ಕೇಳಲಿಲ್ಲ. ನಾನೇ ಹೇಳ್ತೇನೆ. ಗೊತ್ತಿಲ್ಲ. ನನ್ನ ಬಾಟಲಿದೇ ಕುಡೀತಿದ್ದೆ ಕಾಣ್ತದೆ. ಎಂಜಲು, ಮೈಲಿಗೆ ಅಂತ ಬೆಳೆದವಳು ನಾನು. ಅರ್ಧ ಬಿಟ್ಟಿದ್ದೇನೆ, ಅರ್ಧ ಇನ್ನೂ ಉಂಟು. ಸುಳ್ಳು ಎಂತಕ್ಕೆ ಹೇಳಲಿ?’

ಟೀಚರ್ ತಮ್ಮ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

‘ಆದ್ರೆ ನೀವು ನನಗೆ ಕುಡಿಸ್ಬೇಕು ಅಂತ ಇರಲಿಲ್ಲ. ನೋಡ್ಬೇಕಿತ್ತು. ನೋಡಲಿಕ್ಕೆ ಜಾತಿ ಎಂತಕ್ಕೆ ಬೇಕು?’

‘ತಪ್ಪಾಯ್ತು ಟೀಚರ್.’

‘ನನ್ನ ತಪ್ಪು ನಾನು ಮಗನ ಹತ್ತಿರ ಹೇಳಿ ಬೈಸಿಕೊಂಡೂ ಆಯ್ತು. ನಿಮ್ಮದು ನನ್ನ ಹತ್ತಿರ ಹೇಳಿ ಮುಗಿಯುವುದಲ್ಲ. ಎಲ್ಲಿ ಹೇಳ್ಬೇಕೋ ಅಲ್ಲಿ ಹೇಳಿ.’ ಆಮೇಲೆ, ತರಗತಿಯಲ್ಲಿ ಹೇಳುವ ಹಾಗೆ, ‘ನೀರು ಕುಡೀರಿ ಈಗ,’ ಎಂದರು.

ಶನಿವಾರ ಠಾಣೆಗೆ ಹೋಗಿ ಹಳೆಯ ವರದಿಯ ಬದಲು ಹೊಸದನ್ನು ಮುಖ್ಯಸ್ಥರ ಮುಂದಿಟ್ಟೆ. ಒಂದೇ ವಾಕ್ಯ ಹೆಚ್ಚಿತ್ತು: ‘ಎರಡು ಮತ್ತು ಮೂರನೆಯ ನಿಲುಗಡೆಗಳಲ್ಲಿ ಸದಸ್ಯೆ ನೀರು ಕುಡಿದರೇ ಎಂದು ಮುಂದಾಳು ನೋಡಲಿಲ್ಲ.’ ಅವರು ಮರಾಠಿ ಮನುಷ್ಯ, ಮಾತು ಕಡಿಮೆ. ಎರಡು ಸಲ ಓದಿದರು. ಕನ್ನಡಕ ತೆಗೆದರು.

‘ವಿಸರಲಾಸ್ ಕಾ?’ ಮರೆತೆಯಾ, ಎಂದು ಕೇಳಿದರು. ದನಿಯಲ್ಲಿ ಕೋಪ ಇರಲಿಲ್ಲ. ಬೆಟ್ಟದ ಮೇಲೆ, ಬಿಸಿಲಲ್ಲಿ, ಒಂಬತ್ತು ಜನರ ನಡುವೆ ಯಾರಾದರೂ ಮರೆಯಬಹುದು. ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಪದವಿ, ನಿಯಮ, ಸಹಿ ಎಲ್ಲ ಇದ್ದಲ್ಲೇ ಇರುತ್ತಿತ್ತು.

‘ಇಲ್ಲ ಸರ್,’ ಎಂದೆ. ‘ಮರೆತಿರಲಿಲ್ಲ.’

ಅವರು ಮೇಜಿನ ಮೇಲಿದ್ದ ಮುಂದಿನ ತಿಂಗಳ ಮುಂದಾಳುಗಳ ಪಟ್ಟಿಯನ್ನು ಎಳೆದುಕೊಂಡು, ನನ್ನ ಹೆಸರಿದ್ದ ನಾಲ್ಕು ಕಡೆಯೂ ಅಡ್ಡಗೆರೆ ಹಾಕಿ ದಾದಾನ ಹೆಸರು ಬರೆದರು. ಆಮೇಲೆ ಹಾಳೆಯನ್ನು ಮೆಲ್ಲಗೆ ನನ್ನ ಕಡೆಗೆ ತಿರುಗಿಸಿದರು. ಒಂದೊಂದೇ ಗೆರೆಯನ್ನು ನಾನು ಕಣ್ಣಿಟ್ಟು ನೋಡುವ ತನಕ ಅವರು ಕೈ ತೆಗೆಯಲಿಲ್ಲ.